ಭಾವನ ಕೆಗ್ಗಿನ ಮುಚ್ಚಳ

ನಮ್ಮ ಭಾವನ ಬಲಗೈ ಹೆಬ್ಬೆರಳು ಎಲ್ಲರ ಹೆಬ್ಬೆರಳಿನ ಹಾಗಿರಲಿಲ್ಲ. ಅಗಲವಾಗಿ, ಚಪ್ಪಟೆಯಾಗಿ, ಉಗುರು ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಬೆಳೆದು, ಬುಡದಲ್ಲಿ ಒಂದು ಪುಟ್ಟ ಬನ್ನಿನಷ್ಟು ಮಾಂಸ ತುಂಬಿಕೊಂಡಿತ್ತು. ಆ ಹೆಬ್ಬೆರಳಿನಿಂದ ಒತ್ತಿ ನೋಡದೆ ಅವರು ಜಗತ್ತಿನಲ್ಲಿ ಯಾವುದನ್ನೂ ನಂಬುತ್ತಿರಲಿಲ್ಲ. ಅಂಗಡಿಗೆ ಹೋದರೆ ಬದನೆಕಾಯಿ ಒತ್ತುವರು, ಕಾರು ಹತ್ತುವ ಮೊದಲು ಟೈರು ಒತ್ತುವರು, ಯಾರ ಮನೆಗೆ ಹೋದರೂ ಸೋಫಾವನ್ನು ಒಂದು ಸಲ ಒತ್ತಿ ಆಮೇಲೆ ಕೂರುವರು. ನಾನು ಓದುವುದಕ್ಕೆಂದು ಸಿಡ್ನಿಗೆ ಬಂದಿಳಿದಾಗ ಏರ್‌ಪೋರ್ಟಿನಲ್ಲಿ ನನ್ನ ಭುಜವನ್ನೂ ಹಾಗೇ ಒತ್ತಿ, "ಇದರಾಗೆ ಏನೂ ಇಲ್ಲಲ್ಲಪ್ಪಾ, ಬರೀ ಜಾಕೆಟ್ಟು" ಎಂದಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ದಾವಣಗೆರೆಯವರು. ಅವರೂ ಓದುವುದಕ್ಕೆ ಬಂದವರೇ. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಒಂದು ಮನೆಯಲ್ಲಿ ನಮ್ಮ ಕಡೆಯ ಹುಡುಗರ ದಂಡಿನ ಜೊತೆ ಚಾಪೆ ಹಾಸಿಕೊಂಡು ಮಲಗಿ, ಓದಿದ್ದಕ್ಕೂ ತಮಗೂ ಸಂಬಂಧವೇ ಇಲ್ಲದ ಕೆಲಸ ಹಿಡಿದರು. ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಮನೆಯಲ್ಲಿ ಕೆಲಸ. ಮುದುಕರಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಉಣಿಸುವುದು, ಪಕ್ಕಕ್ಕೆ ಹೊರಳಿಸಿ ಮಲಗಿಸುವುದು. ಅಲ್ಲೇ ಕಾಯಂ ಆಗಿ ನೆಲೆಸಲು ಬೇಕಾದ ಪಿಆರ್ ಸಿಗುವವರೆಗೆ ಅಂತ ಸೇರಿದವರು ಪಿಆರ್ ಸಿಕ್ಕ ಮೇಲೂ ಬಿಡಲಿಲ್ಲ. ಆಮೇಲೆ ಮೆಲ್ಬರ್ನಿಗೆ ಹೋಗಿ ಕ್ರಾನ್‌ಬರ್ನ್‌ನಲ್ಲಿ ಮನೆ ಮಾಡಿದರು, ಅಲ್ಲೂ ಅದೇ ಕೆಲಸ. ಅಳಿಯ ಏನು ಮಾಡುತ್ತಾರೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ ಗಂಟಲು ಸರಿಮಾಡಿಕೊಂಡು "ಹೆಲ್ತ್ ಡಿಪಾರ್ಟ್‌ಮೆಂಟ್" ಎನ್ನುತ್ತಿದ್ದರು. ಭಾವನಿಗೆ ಅದು ಗೊತ್ತಾಗಿ ಬಿದ್ದು ಬಿದ್ದು ನಕ್ಕರು. "ಹೌದಪ್ಪಾ, ನಿಮ್ಮಪ್ಪಾರು ನಂಗೆ ಪ್ರಮೋಶನ್ ಕೊಟ್ಟಾರೆ" ಎಂದರು.

ಅವರ ಬಗ್ಗೆ ಹೇಳಲು ಕುಳಿತರೆ ನನಗೆ ಮೊದಲು ನೆನಪಾಗುವುದು ಒಂದು ನಲ್ಲಿ. ನನ್ನ ಪಿಆರ್ ಅರ್ಜಿ ಮೊದಲ ಸಲ ತಿರಸ್ಕಾರವಾದಾಗ ಅಕ್ಕನಿಗೆ ಹೇಳುವ ಧೈರ್ಯವಾಗದೆ ಭಾವನಿಗೆ ಫೋನ್ ಮಾಡಿದ್ದೆ. ಅವರು "ಆತು" ಎಂದು ಇಟ್ಟರು. ಮರುದಿನ ಬಾಗಿಲು ತೆರೆದರೆ ಎದುರಿಗೇ ನಿಂತಿದ್ದಾರೆ. ಮೆಲ್ಬರ್ನಿನಿಂದ ಸಿಡ್ನಿಗೆ ಕಾರು ಓಡಿಸಿಕೊಂಡು ಬಂದಿದ್ದರು. ನಾನು ಅಳಲು ಶುರುಮಾಡಿದೆ. ಅವರು ನೇರ ಅಡುಗೆಮನೆಗೆ ಹೋಗಿ, ತಿಂಗಳುಗಳಿಂದ ತೊಟ್ಟಿಕ್ಕುತ್ತಿದ್ದ ಸಿಂಕಿನ ನಲ್ಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ವಾಷರ್ ಹೋಗೈತೆ" ಎಂದು ಮತ್ತೆ ಕಾರು ಹತ್ತಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಾಷರ್ ತಂದು ಹಾಕಿದರು. ಉಪ್ಪಿಟ್ಟು ಮಾಡಿದರು. ನಾನು ತಿನ್ನುವಾಗ ಎದುರಿಗೆ ಕೂತು, "ನಿನ್ನ ಪಿಆರ್ ನನ್ನ ಕೈಯಾಗಿಲ್ಲಪ್ಪಾ. ನಲ್ಲಿ ಐತೆ" ಎಂದರು. ಸಂಜೆ ಹೊತ್ತಿಗೆ ವಾಪಸ್ ಹೊರಟೇಬಿಟ್ಟರು. ಅಷ್ಟು ದೂರದಿಂದ ಬಂದು ಒಂದು ವಾಷರ್ ಹಾಕಿ ಹೋದ ಮನುಷ್ಯನ ಬಗ್ಗೆ ಏನು ಹೇಳಬೇಕೋ ಇವತ್ತಿಗೂ ನನಗೆ ಸರಿಯಾಗಿ ಬರುವುದಿಲ್ಲ.

ಬಿಯರ್ ಮಾಡುವ ಹುಚ್ಚು ಅವರಿಗೆ ಹತ್ತಿದ್ದು ಕ್ರಾನ್‌ಬರ್ನ್‌ನಲ್ಲಿ. ಪಕ್ಕದ ಮನೆಯ ಆಸ್ಟ್ರೇಲಿಯನ್ ಮುದುಕರೊಬ್ಬರು ಮನೆ ಮಾರಿ ಹೋಗುವಾಗ ತಮ್ಮ ಗ್ಯಾರೇಜಿನ ಸಾಮಾನೆಲ್ಲ ಇವರಿಗೆ ಕೊಟ್ಟು ಹೋದರು. ಬೇಯಿಸುವ ದೊಡ್ಡ ಪಾತ್ರೆ, ಪೈಪುಗಳು, ಸೋಡಾಕ್ಕೆ ತುಂಬುವಂಥ ಗ್ಯಾಸಿನ ಒಂದು ಸಿಲಿಂಡರ್, ಮತ್ತು ಒಂದು ಕೆಗ್. ಕೆಗ್ ಎಂದರೆ ಮೊಣಕಾಲಿಗಿಂತ ತುಸು ಎತ್ತರದ, ಉದ್ದನೆಯ ಸ್ಟೀಲ್ ಡ್ರಮ್ಮು. ಹುದುಗು ಬಂದ ಬಿಯರನ್ನು ಅದರಲ್ಲಿ ತುಂಬಿ, ಮುಚ್ಚಳ ಬಿಗಿದು, ಒಳಕ್ಕೆ ಗ್ಯಾಸ್ ಬಿಟ್ಟಿಡಬೇಕು. ಗ್ಯಾಸ್ ಒಳಗೇ ನಿಂತರೆ ಬಿಯರಿಗೆ ನೊರೆ ಬರುತ್ತದೆ, ನಿಲ್ಲದಿದ್ದರೆ ಅದು ತಂಗಳು ಕಷಾಯ. ಹುದುಗು ಬರಿಸುವುದು ನಮ್ಮವರಿಗೇನು ಹೊಸದೇ? ಅಕ್ಕನ ಇಡ್ಲಿ ಹಿಟ್ಟು ಮೆಲ್ಬರ್ನಿನ ಚಳಿಗೆ ಉಬ್ಬದೆ ಕೂತಿದ್ದಾಗ ಭಾವ ತಮ್ಮ ಬಿಯರಿಗೆ ಹೊದಿಸಿದ್ದ ಬಿಸಿ ಕಂಬಳಿಯನ್ನೇ ಅದಕ್ಕೂ ಹೊದಿಸಿ ಮಾನ ಉಳಿಸಿದ್ದರು. ಅಂದಿನಿಂದ ಅಕ್ಕ ಗ್ಯಾರೇಜಿನ ಬಗ್ಗೆ ಬೈಯುವುದನ್ನು ಅರ್ಧ ಕಡಿಮೆ ಮಾಡಿದಳು.

ಶ್ರಾವಣದಲ್ಲಿ ಅವರು ಒಂದು ಹನಿ ಮುಟ್ಟುತ್ತಿರಲಿಲ್ಲ. ಆದರೆ ಶ್ರಾವಣ ಶುರುವಾಗುತ್ತಿದ್ದಂತೆ ಹೊಸದೊಂದು ಬಿಯರ್ ಹುದುಗಿಗೆ ಇಡುತ್ತಿದ್ದರು, ಗಣಪತಿ ಬಿಟ್ಟ ಮೇಲೆ ತೆರೆಯುವುದಕ್ಕೆ ಸರಿಹೋಗಲಿ ಎಂದು. "ಬಿಟ್ಟಿರೋದು ನಾನು. ಈಸ್ಟು ಬಿಟ್ಟಿಲ್ಲಲ್ಲ" ಎನ್ನುತ್ತಿದ್ದರು. ಹೇಳಬೇಕೆಂದರೆ ಅವರು ಕುಡಿಯುತ್ತಿದ್ದುದೇ ಕಡಿಮೆ. ಬಗ್ಗಿಸಿ ಕೊಡುವುದರಲ್ಲಿ ಅವರ ಸುಖ. ಗ್ಲಾಸನ್ನು ವಾರೆಮಾಡಿ ಹಿಡಿದು, ಕೆಗ್ಗಿನ ಪೈಪಿನ ತುದಿಯ ಪ್ಲಾಸ್ಟಿಕ್ ನಲ್ಲಿಯನ್ನು ಹೆಬ್ಬೆರಳಿನಿಂದ ಅದುಮಿ, ಕೊನೆಗೆ ಗ್ಲಾಸನ್ನು ನೆಟ್ಟಗೆ ಮಾಡಿ ಎರಡು ಬೆರಳು ನೊರೆ ಏಳಿಸಿ ಮುಂದೆ ಚಾಚುವಾಗ ಮುಖ ನೋಡಬೇಕಿತ್ತು. ನಾನಂತೂ ಕುಡಿಯುವವನಲ್ಲ. ತತ್ವ ಗಿತ್ವ ಏನಿಲ್ಲ, ವಾಸನೆಗೇ ಹೊಟ್ಟೆ ತೊಳಸುತ್ತದೆ. ನನಗೂ ಒಂದು ಗ್ಲಾಸು ಬಗ್ಗಿಸಿ ಎದುರಿಗಿಟ್ಟು, "ಕುಡೀಬ್ಯಾಡ. ನೋಡು ಸಾಕು" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಅಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಹದಿನೇಳು ತುಂಬಿದ ಹುಟ್ಟುಹಬ್ಬದ ಊಟದಲ್ಲಿ ಭಾವ ಒಂದು ಘೋಷಣೆ ಮಾಡಿದರು. ಮುಂದಿನ ವರ್ಷ ಇವಳಿಗೆ ಹದಿನೆಂಟು, ಇವಳ ಮೊದಲ ಬಿಯರು ನನ್ನ ಕೆಗ್ಗಿನದು, ನಾನೇ ಬಗ್ಗಿಸಿ ಕೊಡುವುದು, ಎಂದು.

ಅಕ್ಕ ಸೌಟು ಕೆಳಗಿಟ್ಟಳು. "ರೀ, ನಿಮಗೆ ತಲೆ ನೆಟ್ಟಗಿದ್ಯಾ? ಹೆತ್ತ ಮಗಳಿಗೆ ಅಪ್ಪ ಬಿಯರ್ ಹಾಕಿ ಕೊಡೋದು ಎಲ್ಲಾದ್ರೂ ಕೇಳಿದೀರಾ?"

"ಹದಿನೆಂಟಾದ ದಿನ ಫ್ರೆಂಡ್ಸು ಪಬ್ಬಿಗೆ ಕರ್ಕೊಂಡು ಹೋಗೇ ಹೋಗ್ತಾರೆ. ಬ್ಯಾಡ ಅಂದ್ರೆ ಕೇಳ್ತಾಳಾ? ಅದಕ್ಕೇ ಮೊದಲ್ನೇದು ನನ್ನ ಕೈಯಾಗಿಂದು ಆಗ್ಲಿ. ಸೈಕಲ್ ಕಲ್ಸಿಲ್ವಾ? ಹಿಂದೆ ಹಿಡ್ಕೊಂಡು ಓಡಿಲ್ವಾ? ಇದೂ ಹಂಗೆ."

"ಐ ಡೋಂಟ್ ಈವನ್ ಲೈಕ್ ಬಿಯರ್, ಅಪ್ಪಾ" ಎಂದಳು ಹುಡುಗಿ.

"ನಿಂಗೆ ಹೆಂಗೆ ಗೊತ್ತು?" ಎಂದರು ಭಾವ.

ಹುಡುಗಿ ತಟ್ಟೆ ನೋಡಿದಳು. ಅಕ್ಕ ಹುಡುಗಿಯನ್ನು ನೋಡಿದಳು. ನಾನು ನಗು ತಡೆಯಲಾರದೆ ಕೈ ತೊಳೆಯಲು ಎದ್ದು ಹೋದೆ.

ಕೆಗ್ ಸೋರಲು ಶುರುವಾದದ್ದು ಅದಾದ ಸ್ವಲ್ಪ ದಿನಕ್ಕೆ. ಗ್ಯಾಸ್ ತುಂಬಿ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಸಿಲಿಂಡರ್ ಖಾಲಿ. ಸೋಪಿನ ನೀರು ಚಿಮುಕಿಸಿ ನೋಡಿದರು, ಮುಚ್ಚಳದ ಸುತ್ತ ಗುಳ್ಳೆ ಎದ್ದವು. ಮುಚ್ಚಳಕ್ಕೆ ಕೆಳಗಿನಿಂದ ಒಂದು ದೊಡ್ಡ ರಬ್ಬರ್ ರಿಂಗು ಇರುತ್ತದೆ, ಅದೇ ಸವೆದಿದೆ ಎಂದು ತೀರ್ಮಾನಿಸಿದರು. ಹೊಸದು ತಂದು ಹಾಕಿದರು. ಅದೂ ಸೋರಿತು. ಇನ್ನೊಂದು ತಂದರು. ಅದೂ ಅಷ್ಟೆ. ಮೆಲ್ಬರ್ನಿನ ಅಂಗಡಿಗಳೆಲ್ಲ ಮುಗಿದ ಮೇಲೆ ಸಿಡ್ನಿಯಲ್ಲಿದ್ದ ನನ್ನ ಪಾಳಿ ಬಂತು.

ನಾನು ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಎಸಿ ರೂಮಿನಲ್ಲಿ ಕೂತು ಕಂಪ್ಯೂಟರ್ ಕುಟ್ಟುವವನು. ಶನಿವಾರ ಬಂತೆಂದರೆ ಸಿಡ್ನಿಯ ಪಶ್ಚಿಮದ ಶೆಡ್ಡುಗಳ ನಡುವೆ ಇದ್ದ, ಬಿಯರ್ ಮಾಡುವ ಸಾಮಾನಿನ ಒಂದು ಅಂಗಡಿಗೆ ಹೋಗಬೇಕು. ಎಲ್ಲ ಆನ್‌ಲೈನ್ ಸಿಗುತ್ತದಲ್ಲ ಭಾವ ಎಂದರೆ, "ಆನ್‌ಲೈನಾಗೆ ಒತ್ತಿ ನೋಡೋಕಾಗುತ್ತೇನಪ್ಪಾ?" ಎನ್ನುವರು. ಜಗತ್ತಿನಲ್ಲಿ ಅಷ್ಟು ಬಗೆಯ ರಬ್ಬರ್ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೋಡೆ ತುಂಬ ಸಣ್ಣ ಸಣ್ಣ ಪ್ಯಾಕೆಟ್ಟುಗಳು. ಕಪ್ಪು ಗಟ್ಟಿ ರಬ್ಬರ್, ಬಿಳಿ ಸಿಲಿಕೋನ್, ಕೆಂಪು ದಪ್ಪನೆಯದು. ಮುಚ್ಚಳದ್ದು ಬೇರೆ, ಗ್ಯಾಸ್ ಹೋಗುವ ಬಾಯಿಯದು ಬೇರೆ, ಬಿಯರ್ ಬರುವ ಬಾಯಿಯದು ಬೇರೆ. ಒಂದರಂತೆಯೇ ಕಾಣುವ ಇನ್ನೊಂದು, ಆದರೆ ಅದಕ್ಕೆ ಇದು ಆಗುವುದಿಲ್ಲ. ಬಿಯರನ್ನೇ ಮುಟ್ಟದವನು ಬಿಯರ್ ಪಾತ್ರೆಗೆ ರಬ್ಬರ್ ಆರಿಸುವುದೆಂದರೆ ಅದೊಂದು ಪಾಡು.

ವಿಡಿಯೋ ಕಾಲಿನಲ್ಲಿ ಭಾವ.

"ಒತ್ತಿ ನೋಡು."

"ಒತ್ತಿದೆ ಭಾವ."

"ಹೆಂಗೈತೆ?"

"ರಬ್ಬರ್ ಇದ್ದ ಹಾಗಿದೆ."

"ಇಡ್ಲಿ ಹಂಗೈತಾ, ವಡೆ ಹಂಗೈತಾ?"

"ಭಾವ, ಅದು ಪ್ಯಾಕೆಟ್ ಒಳಗಿದೆ!"

"ಪ್ಯಾಕೆಟ್ ಮ್ಯಾಲಿಂದಾನೇ ಒತ್ತಪ್ಪಾ, ಯಾರು ಬ್ಯಾಡ ಅಂತಾರೆ."

ನಾನು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಹಿಸುಕುತ್ತ ಕನ್ನಡದಲ್ಲಿ ಕೂಗಾಡುವುದನ್ನು ನೋಡಿ ಕೌಂಟರಿನ ಹೆಂಗಸು "ಯೂ ಆಲ್ ರೈಟ್, ಲವ್?" ಎಂದು ಕೇಳಿದಳು. ನನಗೆ ಅವಮಾನವಾಯಿತು. ವಡೆಗಿಂತ ಮೆತ್ತಗಿದ್ದುದನ್ನು ಕಟ್ಟಿಸಿ ಪೋಸ್ಟ್ ಮಾಡಿದೆ. ಮುಂದಿನ ವಾರ ಫೋನು: "ಇದೂ ಸರಿ ಇಲ್ಲಪ್ಪಾ." ಇನ್ನೂ ದಪ್ಪನೆಯದು ಕಳಿಸಿದೆ. "ಇದು ಕೂರವಲ್ದು." ಇನ್ನೂ ಮೆತ್ತಗಿನದು ಕಳಿಸಿದೆ. "ಮೊದಲ್ನೇದಕ್ಕಿಂತ ವಾಸಿ, ಆದ್ರೆ ಸೋರುತ್ತೆ." ನನಗೆ ರೇಗಿಹೋಯಿತು. ಆ ಹಾಳು ಕೆಗ್ಗನ್ನು ಎಸೆದು ಹೊಸದು ತರಬಾರದೇ ಎಂದೆ. ಅವರು "ಏಪ್ರಿಲ್ ಒಳಗೆ ಸರಿ ಆಗ್ಬೇಕಪ್ಪಾ" ಎಂದಷ್ಟೇ ಅಂದರು. ಏಪ್ರಿಲ್ ಹುಡುಗಿಯ ಹುಟ್ಟುಹಬ್ಬ.

ಈ ನಡುವೆ ಅಕ್ಕ ತನ್ನ ಸಲಹೆ ಸೇರಿಸಿದಳು. ಕುಕ್ಕರ್ ಗ್ಯಾಸ್ಕೆಟ್ ಸಡಿಲವಾದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟು ತೆಗೆದು ಹಾಕುತ್ತಾರೆ, ಬಿಗಿಯಾಗುತ್ತದೆ. ಇದಕ್ಕೂ ಅದನ್ನೇ ಮಾಡಿ ಎಂದಳು. ಭಾವನಿಗೆ ಅದು ಸರಿಯೆನ್ನಿಸಿತು, ನನಗೂ ಸರಿಯೆನ್ನಿಸಿತು. ಹಾಗಾಗಿ ಅಕ್ಕನ ಫ್ರೀಜರ್‌ನಲ್ಲಿ ತೆಂಗಿನತುರಿ, ಬಟಾಣಿಗಳ ಪಕ್ಕ ಬಿಯರ್ ಕೆಗ್ಗಿನ ರಬ್ಬರ್ ರಿಂಗುಗಳು ಸಾಲಾಗಿ ಮಲಗಿದವು. ಗಟ್ಟಿಯಾದ ರಿಂಗಿದ್ದರೆ ಮುಚ್ಚಳ ಬಿಗಿಯಲು ಇನ್ನಷ್ಟು ಬಲ ಬೇಕಾಗುತ್ತದೆ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ವರ್ಷದ ಕೊನೆಯ ರಜೆಗೆ ನಾನು ಕ್ರಾನ್‌ಬರ್ನ್‌ಗೆ ಹೋದೆ. ಬ್ಯಾಗ್ ಇಳಿಸಿದ್ದೇ ಭಾವ ಗ್ಯಾರೇಜಿಗೆ ಕರೆದುಕೊಂಡು ಹೋದರು. ಫ್ರೀಜರ್‌ನಿಂದ ತೆಗೆದ ಕೆಂಪು ರಿಂಗನ್ನು ಮುಚ್ಚಳಕ್ಕೆ ಏರಿಸಿ, ಮುಚ್ಚಳವನ್ನು ಕೆಗ್ಗಿನ ಬಾಯಿಗೆ ಕೂರಿಸಿದರು. ಮುಚ್ಚಳದ ಮೇಲೆ ದಪ್ಪ ತಂತಿಯ ಒಂದು ಹಿಡಿ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಕೆಳಕ್ಕೆ ಅದುಮಿದರೆ ಟಕ್ ಎಂದು ಕೂರುತ್ತದೆ. ಕೂತರೆ ಮುಚ್ಚಳ ಬಿಗಿ. ಭಾವ ಅದುಮಿದರು. ಹಿಡಿ ಬಗ್ಗಿತು, ಟಕ್ ಎನ್ನಲಿಲ್ಲ. ಎರಡೂ ಕೈ ಸೇರಿಸಿ ಅದುಮಿದರು. ಹಣೆಯ ಮೇಲೆ ಬೆವರು ಬಂತು. "ನೋಡಿದ್ಯಾ? ರಬ್ಬರ್ ದಪ್ಪ ಆತು. ನೀ ಇನ್ನೊಂದು ಕಡೆ ಹುಡುಕ್ಬೇಕಪ್ಪಾ" ಎಂದರು.

"ಸ್ವಲ್ಪ ಸರೀರಿ ಭಾವ" ಎಂದು ನಾನು ಹೆಬ್ಬೆರಳಿಟ್ಟು ಅದುಮಿದೆ. ಟಕ್ ಎಂದಿತು.

ಹುರುಪು ಬಂತು. ತೆಗೆದು ಬಿಳಿ ರಿಂಗು ಹಾಕಿದೆ. ಟಕ್. ಅವರು ಕೆಟ್ಟಿದೆ ಎಂದು ಡಬ್ಬಿಗೆ ಎಸೆದಿದ್ದ ಮೊಟ್ಟಮೊದಲ ಹಳೆಯ ಕಪ್ಪು ರಿಂಗನ್ನೇ ಹುಡುಕಿ ತೆಗೆದು ಹಾಕಿದೆ. ಟಕ್. ಗ್ಯಾಸ್ ಬಿಟ್ಟು ಸೋಪಿನ ನೀರು ಹಾಕಿದರೆ ಒಂದೂ ಗುಳ್ಳೆ ಇಲ್ಲ. ಜೀವಮಾನದಲ್ಲಿ ಒಂದು ಸ್ಕ್ರೂ ನೆಟ್ಟಗೆ ತಿರುಗಿಸದ ನಾನು ಗೆದ್ದವನ ಹಾಗೆ ಹಲ್ಲುಬಿಟ್ಟು ತಿರುಗಿದೆ.

ಭಾವ ಕೆಗ್ಗನ್ನು ನೋಡುತ್ತಿರಲಿಲ್ಲ. ತಮ್ಮ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಹೆಬ್ಬೆರಳಿನ ಬುಡದಲ್ಲಿ ಬನ್ನಿನ ಹಾಗಿದ್ದ ಮಾಂಸ ಇರಲಿಲ್ಲ. ಅಲ್ಲಿ ಗುಳಿ ಬಿದ್ದಿತ್ತು. ಎಡಗೈ ಬೆರಳಿನಿಂದ ಆ ಗುಳಿಯನ್ನು ಒತ್ತಿ ಒತ್ತಿ ನೋಡುತ್ತ, "ಇದು ಯಾವಾಗ ಹೋತಪ್ಪಾ?" ಎಂದು ಕೇಳಿದರು. ನನ್ನನ್ನೇ ಕೇಳಿದರು, ನನಗೆ ಗೊತ್ತಿರಬಹುದು ಎನ್ನುವ ಹಾಗೆ. ನಾನು ನಕ್ಕಿದ್ದ ಬಾಯನ್ನು ಹೇಗೆ ಮುಚ್ಚಬೇಕೋ ತಿಳಿಯದೆ ನಿಂತಿದ್ದೆ.

ರಬ್ಬರುಗಳೆಲ್ಲ ಸರಿಯಾಗಿಯೇ ಇದ್ದವು. ನಾನು ವಾರವಾರವೂ ಆರಿಸಿ ಕಳಿಸಿದ ಒಂದೊಂದೂ ಸರಿಯಾಗಿತ್ತು. ತಿಂಗಳುಗಟ್ಟಲೆ ನಾವು ಹುಡುಕಿದ ಸೋರಿಕೆ ಕೆಗ್ಗಿನಲ್ಲಿ ಇರಲೇ ಇಲ್ಲ.

ಅಂಥ ಕೈಗಳನ್ನು ಅವರು ಕೆಲಸದಲ್ಲಿ ನೋಡಿದ್ದರು. ಆ ಕೈಗಳಿಗೆ ಅಂಗಿಯ ತೋಳು ತೊಡಿಸಿದ್ದರು. ಹಾಗಾಗಿ ಪರೀಕ್ಷೆಗಳೆಲ್ಲ ಮುಗಿದು ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ನರಗಳು ಸ್ನಾಯುಗಳಿಗೆ ಮಾತು ಮುಟ್ಟಿಸುವುದನ್ನು ನಿಲ್ಲಿಸುತ್ತವೆ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಗಂಟಲು ಹೋಗುತ್ತದೆ, ಆಮೇಲೆ ಉಸಿರು. ಬುದ್ಧಿ ಮಾತ್ರ ಕೊನೆಯವರೆಗೂ ಎಚ್ಚರ. ಗುಣಪಡಿಸುವ ಔಷಧವಿಲ್ಲ. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ನಾನು ಗೊತ್ತಿದ್ದವರನ್ನೆಲ್ಲ ಕೇಳಿದೆ, ಎಲ್ಲರೂ ಬಹಳ ಮರ್ಯಾದೆಯಿಂದ ಅದನ್ನೇ ಹೇಳಿದರು. ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅಕ್ಕ ಕಾರಿನ ಬಾಗಿಲಿಗೆ ಒರಗಿ ಅಳುತ್ತಿದ್ದಾಗ ಭಾವ, "ಈ ದಾರಿ ನಂಗೆ ಗೊತ್ತೈತೆ ಕಣೆ. ಎಷ್ಟು ಜನರ್ನ ಅರ್ಧ ದಾರಿ ಕೈ ಹಿಡ್ಕೊಂಡು ಹೋಗಿ ಬಿಟ್ಟು ಬಂದೀನಿ" ಎಂದರಂತೆ.

ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಟ್ರೇನಿನಲ್ಲಿ ಗಟ್ಟಿಯಾಗಿ ನಗುವವರ ಮೇಲೆ, ಆಫೀಸಿನಲ್ಲಿ ವೀಕೆಂಡ್ ಹೇಗಿತ್ತು ಎಂದು ಕೇಳುವವರ ಮೇಲೆ, ನೋಡಲು ಬಂದು ಉಪದೇಶ ಮಾಡುವವರ ಮೇಲೆ. ಒಬ್ಬರು ಅಂಕಲ್ ಬಂದು, ದೇಹವೂ ಒಂದು ಯಂತ್ರ ಅಲ್ಲವೇ, ಧೈರ್ಯವಾಗಿರಬೇಕು ಎಂದು ಶುರುಮಾಡಿದರು. ಭಾವ ಕೇಳುವಷ್ಟು ಕೇಳಿ, "ಮಿಷಿನ್ ಅಂದ್ಮ್ಯಾಲೆ ಪಾರ್ಟ್ಸ್ ತರಬೇಕಿತ್ತಲ್ಲ ಸರ್, ಬರೀ ಕೈಯಾಗೆ ಬಂದೀರಲ್ಲ" ಎಂದರು. ಅಂಕಲ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಹುಡುಗಿಗೆ ಬಗ್ಗಿಸಿ ಕೊಡುವ ಮಾತನ್ನು ಅವರು ಬಿಡಲಿಲ್ಲ. ನಾವೂ ಬಿಡಿ ಎನ್ನಲಿಲ್ಲ. ಒಂದು ದಿನ ಅಕ್ಕನೇ ಫೋನ್ ಮಾಡಿದಳು. ಯಾವ ಅಕ್ಕ ಸೌಟು ಕೆಳಗಿಟ್ಟು ಜಗಳಕ್ಕೆ ನಿಂತಿದ್ದಳೋ ಅದೇ ಅಕ್ಕ. "ಆ ನಲ್ಲಿ ಹೆಬ್ಬೆರಳಲ್ಲಿ ಒತ್ತೋದು ಕಣೋ. ಅವರಿಗೆ ಆಗ್ತಿಲ್ಲ. ನಿನ್ನೆ ಒಬ್ಬರೇ ಗ್ಯಾರೇಜಲ್ಲಿ ನಿಂತ್ಕೊಂಡು ಒತ್ತಿ ಒತ್ತಿ ನೋಡ್ತಿದ್ರು. ಕೈಗೆ ಸುಲಭ ಆಗೋ ಅಂಥದ್ದು ಏನಾದ್ರೂ ಸಿಗುತ್ತಾ ನೋಡೋ" ಎಂದಳು. 

ಮತ್ತೆ ಅದೇ ಅಂಗಡಿ, ಅದೇ ಗೋಡೆ. ಈ ಸಲ ಕೌಂಟರಿನ ಹೆಂಗಸಿಗೆ ವಿಷಯ ಹೇಳಿದೆ. ಅವಳು ಕೆಲಸ ಬಿಟ್ಟು ನನ್ನ ಜೊತೆ ಹುಡುಕಿದಳು. ಕೆಗ್ಗಿನ ತಲೆಯ ಮೇಲೇ ಕೂರುವ ಸ್ಟೀಲ್ ನಲ್ಲಿ ಒಂದು ಸಿಕ್ಕಿತು, ಅದರ ಹಿಡಿಯನ್ನು ಬೆರಳಿನಿಂದ ಎಳೆದರೆ ಸಾಕು. ಆದರೆ ಹಳೆಯ ಕೆಗ್ಗಿನ ಬಾಯಿಗೂ ಆ ನಲ್ಲಿಗೂ ಹೊಂದುತ್ತಿರಲಿಲ್ಲ, ನಡುವೆ ಇನ್ನೊಂದು ಫಿಟ್ಟಿಂಗ್ ಬೇಕು. ಅದು ಬರಲು ವಾರಗಳಾದವು. ತೆಗೆದುಕೊಂಡು ಹೋದರೆ ಭಾವನ ಬೆರಳುಗಳು ಹಿಡಿಯ ಸುತ್ತ ಮಡಚಿಕೊಳ್ಳಲಿಲ್ಲ. ಸ್ವಲ್ಪ ಉದ್ದದ ಹಿಡಿ ತಂದೆ, ಮಣಿಕಟ್ಟಿನಿಂದ ತಳ್ಳಬಹುದು ಎಂದು. ಅಷ್ಟರಲ್ಲಿ ಮಣಿಕಟ್ಟು ಜೋತುಬಿದ್ದಿತ್ತು. ಇನ್ನೂ ಉದ್ದದ್ದು ತಂದೆ, ಮೊಣಕೈಯಿಂದ ತಳ್ಳಲಿ ಎಂದು. ತೋಳು ಏಳಲಿಲ್ಲ. ನಾನು ತರುತ್ತಿದ್ದ ಫಿಟ್ಟಿಂಗುಗಳೆಲ್ಲ ಹೋದ ತಿಂಗಳ ಕೈಗೆ ಸರಿಹೋಗುವಂಥವು. ಒಂದೊಂದನ್ನೂ ಅವರು ಮಡಿಲಲ್ಲಿ ಇರಿಸಿಕೊಂಡು ನೋಡಿ, "ಮಾಲು ಚಲೋ ಐತೆ" ಎನ್ನುತ್ತಿದ್ದರು. ನನಗೆ ಬೇಜಾರಾಗಬಾರದು ಎಂದು.

ಹುಟ್ಟುಹಬ್ಬದ ಬಿಯರನ್ನು ಮಗಳೇ ಮಾಡಿದಳು. ಕಾಯಿಲೆ ಡಾಕ್ಟರು ಅಂದುಕೊಂಡಿದ್ದಕ್ಕಿಂತ ವೇಗವಾಗಿ ಓಡಿ ಕಾಲನ್ನೂ ಹಿಡಿದಿತ್ತು; ಭಾವ ವೀಲ್‌ಚೇರಿನಲ್ಲಿ ಕೂತು ಹೇಳುವರು, ಅವಳು ಮಾಡುವಳು. ಅವರ ಮಾತು ಆಗಲೇ ತೊದಲುತ್ತಿತ್ತು. ಅವಳು ಬಗ್ಗಿ ಕಿವಿಕೊಟ್ಟು "ಹೌ ಲಾಂಗ್, ಅಪ್ಪಾ? ಹೌ ಹಾಟ್?" ಎಂದು ಕೇಳುವಳು. ಕೆಗ್ಗಿಗೆ ತುಂಬಿಸಿದ ದಿನ ಮುಚ್ಚಳದ ಹಿಡಿ ಅದುಮುವ ಕೆಲಸ ನನಗೆ ಬಿಟ್ಟರು. ಅಂದು ಆ ಟಕ್ ಸದ್ದನ್ನು ಕೇಳಲು ನನಗೆ ಸಂಕಟವಾಯಿತು.

ಗಂಟಲೂ ಹೋಗುತ್ತ ಬಂತು. ನೀರು ನೆತ್ತಿಗೇರುತ್ತಿತ್ತು. ಕುಡಿಯುವುದಕ್ಕೆಲ್ಲ ಪುಡಿ ಬೆರೆಸಿ ಗಟ್ಟಿ ಮಾಡಿಯೇ ಕೊಡಬೇಕು ಎಂದು ನರ್ಸ್ ಬಂದು ಒಂದು ಡಬ್ಬಿ ಕೊಟ್ಟುಹೋದಳು. ಭಾವನಿಗೆ ಆ ಡಬ್ಬಿಯ ಪರಿಚಯ ಚೆನ್ನಾಗಿಯೇ ಇತ್ತು, ವರ್ಷಗಟ್ಟಲೆ ಬೇರೆಯವರಿಗೆ ಕಲಸಿ ಕೊಟ್ಟವರು. ಹೊಸ ಬಿಯರಿನ ರುಚಿ ನೋಡಲೇಬೇಕಲ್ಲ? ನೊರೆ ಪೂರ್ತಿ ಇಳಿಯುವವರೆಗೆ ಕಲಕು, ಆಮೇಲೆ ಪುಡಿ ಹಾಕು ಎಂದು ನನಗೇ ಹೇಳಿಕೊಟ್ಟರು. ಲೋಳೆಲೋಳೆಯಾದ ಆ ಬಿಯರನ್ನು ನಾನು ಚಮಚದಲ್ಲಿ ಬಾಯಿಗಿಟ್ಟೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು. "ಅಂಬ್ಲಿ ಆಗೈತೆ" ಎಂದರು. ಆಮೇಲೆ ಬಾಯಿ ತೆರೆದು ಇನ್ನೊಂದು ಚಮಚಕ್ಕೆ ಕಾದರು.

ಆ ಜುಲೈನಲ್ಲಿ, ಅಲ್ಲಿಯ ಚಳಿಗಾಲದ ನಡುವೆ, ಭಾವ ಹೋದರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅಕ್ಕ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ನಾನು ಸಿಡ್ನಿಯಿಂದ ಓಡಿಬಂದಾಗ ಮಾಡಲು ಏನೂ ಉಳಿದಿರಲಿಲ್ಲ, ಆ ವರ್ಷವಿಡೀ ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲವಲ್ಲ, ಹಾಗೆಯೇ. ಇವತ್ತು ಯಾರಾದರೂ ನನ್ನೆದುರು ಕಣ್ಣೀರು ಹಾಕಿದರೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಅವರ ಮನೆಯಲ್ಲಿ ಮಾಡದೆ ಬಿಟ್ಟ ಕೆಲಸ ಏನಾದರೂ ಇದೆಯೇ ಎಂದು ಸುತ್ತ ನೋಡುತ್ತೇನೆ. ಬಲ್ಬು ಬದಲಿಸುತ್ತೇನೆ, ಪಾತ್ರೆ ತೊಳೆಯುತ್ತೇನೆ, ಹಾಲು ತಂದಿಡುತ್ತೇನೆ. ಅದು ಏನನ್ನೂ ಸರಿಮಾಡುವುದಿಲ್ಲ ಎಂದು ಗೊತ್ತು. ಭಾವನಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಗೊತ್ತಿದ್ದೂ ಅಷ್ಟು ದೂರ ಬಂದಿದ್ದರು. ಈ ಸಾಲವನ್ನು ನಾನು ತೀರಿಸುವ ಬಗೆ ಕಾಣೆ.

ಹುಡುಗಿಯ ಹದಿನೆಂಟರ ಹುಟ್ಟುಹಬ್ಬ ಬಂದದ್ದು ಭಾವ ಹೋಗುವುದಕ್ಕೆ ಕೆಲವು ತಿಂಗಳು ಮೊದಲು, ಏಪ್ರಿಲ್‌ನಲ್ಲಿ. ಹ್ಯಾರಿಸ್ ಪಾರ್ಕಿನಲ್ಲಿ ಭಾವನ ಜೊತೆ ಚಾಪೆಯ ಮೇಲೆ ಮಲಗಿದ್ದ ಗೆಳೆಯರೆಲ್ಲ ಸಿಡ್ನಿಯಿಂದ ಬಂದಿದ್ದರು. ಅಕ್ಕ ಹೋಳಿಗೆ ಮಾಡಿದ್ದಳು, ಕೇಕೂ ಇತ್ತು. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆತ್ತಿ ನಡುವೆ ಒಂದು ತಗ್ಗಿನ ಸ್ಟೂಲಿನ ಮೇಲೆ ಕೆಗ್ ಇಟ್ಟೆವು, ತಲೆಯ ಮೇಲೆ ಉದ್ದ ಹಿಡಿಯ ನಲ್ಲಿ. ಯಾರು ಬಗ್ಗಿಸುವುದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬೇರೆ ಏನೇನೋ ಮಾತಾಡುತ್ತಿದ್ದರು. ನಾನು ಭಾವನ ಕೈಯನ್ನು ಎತ್ತಿ ಹಿಡಿಯ ಮೇಲಿಡೋಣವೇ ಎಂದು ಬಗ್ಗಿದೆ. ಅವರು ಬೇಡವೆಂದು ಸಣ್ಣಗೆ ತಲೆಯಾಡಿಸಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಆಗ ಅವರ ಮಾತು ಅಕ್ಕನಿಗೆ, ಮಗಳಿಗೆ ಮಾತ್ರ ತಿಳಿಯುತ್ತಿತ್ತು.

"ಹೀ ವಾಂಟ್ಸ್ ಟು ಡೂ ಇಟ್ ವಿತ್ ಹಿಸ್ ಚಿನ್" ಎಂದಳು ಹುಡುಗಿ.

ನಲ್ಲಿಯ ಬಾಯಿ ಅವಳ ಕಡೆಗೆ, ಹಿಡಿ ಭಾವನ ಕಡೆಗೆ ಬರುವಂತೆ ಕೆಗ್ಗನ್ನು ತಿರುಗಿಸಿದೆ. ವೀಲ್‌ಚೇರನ್ನು ತಾಗುವಷ್ಟು ಹತ್ತಿರ ತಂದೆವು. ಹುಡುಗಿ ಆಚೆ ಬದಿಯಲ್ಲಿ ಮಂಡಿಯೂರಿ ಗ್ಲಾಸು ವಾರೆಮಾಡಿ ಹಿಡಿದಳು. ಭಾವ ಗದ್ದವನ್ನು ಹಿಡಿಗೆ ತಾಗಿಸಿದರು. ಕಣ್ಣು ಮುಚ್ಚಿದರು. ತಲೆಯ ಭಾರವನ್ನೆಲ್ಲ ಮುಂದಕ್ಕೆ ಬಿಟ್ಟರು. ಹಿಡಿ ಬಗ್ಗಿತು. ನಲ್ಲಿ ಒಮ್ಮೆ ಕೆಮ್ಮಿ ನೊರೆ ಉಗುಳಿ, ಆಮೇಲೆ ಹೊನ್ನಿನ ಬಣ್ಣದ ಬಿಯರ್ ಧಾರೆಯಾಗಿ ಇಳಿಯಿತು. ಗೆಳೆಯರೆಲ್ಲ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗ್ಲಾಸು ತುಂಬಿತು. ಹುಡುಗಿ ಅದನ್ನು ನೆಟ್ಟಗೆ ಮಾಡಿ ಎರಡು ಬೆರಳು ನೊರೆ ಏಳಿಸಿದಳು.

ಧಾರೆ ನಿಲ್ಲಲಿಲ್ಲ. ಭಾವನ ಕುತ್ತಿಗೆಗೆ ತಲೆಯನ್ನು ಹಿಂದಕ್ಕೆತ್ತುವ ಶಕ್ತಿ ಇರಲಿಲ್ಲ. ನೊರೆ ಉಕ್ಕಿ ಅವಳ ಬೆರಳ ಮೇಲೆ, ತೋಳಿನ ಮೇಲೆ ಹರಿದು ನೆಲಕ್ಕೆ ಬಿತ್ತು. ಚಪ್ಪಾಳೆ ಒಂದೊಂದಾಗಿ ನಿಂತಿತು. ಅವರು ಕಣ್ಣು ತೆರೆದು ತಾವು ತೆರೆದದ್ದನ್ನು ಮುಚ್ಚಲಾರದೆ ಮಗಳನ್ನು ನೋಡುತ್ತಿದ್ದರು. ಅವಳು ಗ್ಲಾಸು ಎತ್ತಿ ಅವರ ಕಣ್ಣೆದುರೇ ಒಂದು ಗುಟುಕು ಕುಡಿದಳು, ಮುಖ ಕಿವುಚಿದಳು, ಪಕ್ಕದಲ್ಲಿದ್ದ ಇನ್ನೊಂದು ಗ್ಲಾಸನ್ನು ಧಾರೆಯ ಕೆಳಗೆ ಹಿಡಿದಳು. ಅದೂ ತುಂಬಿತು. ಮತ್ತೊಂದು ಹಿಡಿದಳು. ನನಗೆ ನೋಡಲಾಗಲಿಲ್ಲ. ನಲ್ಲಿ ಮುಚ್ಚಲು ಕೈ ಚಾಚಿದೆ.

"ಬಿಡಿ ಮಾಮಾ" ಎಂದಳು ಹುಡುಗಿ. "ಅಪ್ಪ ಇನ್ನೂ ಬಗ್ಗಿಸ್ತಾ ಇದಾರೆ."

ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.